ಈ ಪುಸ್ತಕಗಳಲ್ಲಿ ಗಂಡಸು ಎಲ್ಲಿದ್ದಾನೆ?

ರಾಜಕೀಯ, ಧರ್ಮ, ನ್ಯಾಯ, ಮಾನವ ಹಕ್ಕು ಎಂಬ ಮಾತುಗಳನ್ನು ಮುಖಪುಟದ ಮೇಲೆ ಹೊತ್ತ ಪುಸ್ತಕಗಳಿಗೆ ಈಗ ಬರವಿಲ್ಲ. ವಿಚಾರ ಸಂಕಿರಣಗಳಲ್ಲಿ ಬಿಡುಗಡೆಯಾಗುತ್ತವೆ, ಗ್ರಂಥಾಲಯಗಳಿಗೆ ಸಗಟಾಗಿ ಹೋಗುತ್ತವೆ, ಕಪಾಟಿನಲ್ಲಿ ಕೂರುತ್ತವೆ. ಅವುಗಳ ಭಾಷೆ ಹೇಗಿದೆ, ವಾದ ಎಷ್ಟು ಬಿಗಿಯಾಗಿದೆ ಅಂತ ತೂಗಿ ನೋಡುವ ವಿಮರ್ಶಕರೂ ಇದ್ದಾರೆ. ನಮ್ಮ ಅಳತೆಗೋಲು ಬೇರೆ. ಈ ಪುಸ್ತಕಗಳನ್ನು ನಾವು ಚಿತ್ತವಾಡ್ಗಿಯಲ್ಲಿ ಕೂತು ಓದುತ್ತೇವೆ. ಹೊಸಪೇಟೆಗೆ ಅಂಟಿಕೊಂಡ ಈ ಊರಿನ ಒಂದು ದಿಕ್ಕಿಗೆ ಹಂಪಿ, ಇನ್ನೊಂದು ದಿಕ್ಕಿಗೆ ತುಂಗಭದ್ರೆಯ ಅಣೆಕಟ್ಟು. ಹೊಳೆ ದಾಟಿದರೆ ಮುನಿರಾಬಾದು, ಹುಲಿಗಿ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋಗುವ ಜನರ ನಡುವೆ, ಕೊರಳಿಗೆ ಮುತ್ತು ಕಟ್ಟಿಸಿಕೊಂಡ ನಮ್ಮ ಕೇರಿಯ ಹೆಂಗಸರನ್ನು ನೋಡದವರು ಈ ಸೀಮೆಯಲ್ಲಿ ಯಾರಿದ್ದಾರೆ? ಬಸವಿ, ಜೋಗತಿ, ದೇವದಾಸಿ, ಹೆಸರು ಯಾವುದಾದರೂ ಇರಲಿ. ಬಹುಪಾಲು ಮಾದಿಗರ, ಹೊಲೆಯರ ಮನೆಯ ಹೆಣ್ಣುಮಕ್ಕಳು. ಬೇಡರ ಮನೆಯವರೂ ಉಂಟು. ಧರ್ಮ, ರಾಜಕೀಯ, ನ್ಯಾಯ, ಹಕ್ಕು ನಾಲ್ಕೂ ಬಂದು ಸೇರುವುದು ಆ ಒಂದು ಕೊರಳಿನಲ್ಲಿ.

ಅವಳ ಬಗ್ಗೆ ಬಂದಿರುವ ಬರಹ ಕಡಿಮೆಯೇನಲ್ಲ. ಪ್ರವಾಸಿಗರು ಬರೆದಿದ್ದಾರೆ, ಪೊಲೀಸರು ಬರೆದಿದ್ದಾರೆ, ಶಾಸನಸಭೆ ಬರೆದಿದೆ, ಕಾದಂಬರಿಕಾರರು ಬರೆದಿದ್ದಾರೆ, ಪರದೇಶದ ಪಂಡಿತರು ಬರೆದಿದ್ದಾರೆ. ಇವನ್ನೆಲ್ಲ ಸಾಲಾಗಿ ಇಟ್ಟುಕೊಂಡು ನಾವು ಒಂದೇ ಪ್ರಶ್ನೆ ಕೇಳುತ್ತೇವೆ. ಯಾವ ಹೆಣ್ಣೂ ಒಬ್ಬಳೇ ದೇವದಾಸಿ ಆಗುವುದಿಲ್ಲ. ಮುತ್ತು ಕಟ್ಟುವವನು ಒಬ್ಬ ಇರುತ್ತಾನೆ. ಕಟ್ಟಿಸು ಅಂತ ಒತ್ತಾಯ ಮಾಡುವವನು ಒಬ್ಬ ಇರುತ್ತಾನೆ. ಕಟ್ಟಿದ ಮೇಲೆ ಕತ್ತಲಾದ ಮೇಲೆ ಬರುವವನು ಒಬ್ಬ ಇರುತ್ತಾನೆ. ಪುಸ್ತಕದಲ್ಲಿ ಅವನು ಎಲ್ಲಿದ್ದಾನೆ?

ಮೊದಲು ಹಂಪಿಯಿಂದಲೇ ಶುರು ಮಾಡೋಣ. 1443ರಲ್ಲಿ ಇಲ್ಲಿಗೆ ಬಂದ ಪಾರಸಿಯ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರದ ವೇಶ್ಯೆಯರ ಸೊಬಗನ್ನು ಬಣ್ಣಿಸಿದ. ಅದರ ಜೊತೆಗೇ ಒಂದು ಲೆಕ್ಕವನ್ನೂ ಬರೆದಿಟ್ಟ. ಊರಿನ ಹನ್ನೆರಡು ಸಾವಿರ ಕಾವಲುಗಾರರ ಸಂಬಳ ಆ ಹೆಂಗಸರ ಮನೆಗಳಿಂದ ಬರುವ ಸುಂಕದಿಂದ ಸಲ್ಲುತ್ತದೆ ಎಂಬುದು ಆ ಲೆಕ್ಕ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಪಾಯಸ್, ಗುಡಿಗೆ ಸೇರಿದ ಹೆಂಗಸರ ಮನೆಗಳು ಊರಿನ ಒಳ್ಳೆಯ ಬೀದಿಗಳಲ್ಲಿವೆ ಎಂದ. ರಾಬರ್ಟ್ ಸಿವೆಲ್ 1900ರಲ್ಲಿ ಮರೆತುಹೋದ ಸಾಮ್ರಾಜ್ಯ ಎಂದು ಪುಸ್ತಕ ಬರೆದು ಈ ಹಳೆಯ ಬರಹಗಳನ್ನು ಲೋಕಕ್ಕೆ ತೋರಿಸಿದ. ಅಲ್ಲಿಂದ ಮುಂದೆ ಅದೇ ಮಾತು ಪಠ್ಯಪುಸ್ತಕಕ್ಕೆ ಬಂತು, ಗೈಡುಗಳ ಬಾಯಿಗೆ ಬಂತು. ಅಚ್ಯುತರಾಯನ ಗುಡಿಯ ಮುಂದಿನ ಬೀದಿಗೆ ಇವತ್ತಿಗೂ ಸೂಳೆ ಬಜಾರ ಎಂದೇ ಹೆಸರು. ಪ್ರವಾಸಿಗರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಂಗಸಿನ ದುಡಿಮೆಯಿಂದ ಪೊಲೀಸರನ್ನು ಸಾಕಿದ ಪ್ರಭುತ್ವದ ಹೆಸರು ವೈಭವ, ಅವಳ ಹೆಸರು ಸೂಳೆ. ಆ ಮನೆಗಳಿಗೆ ಹೋಗುತ್ತಿದ್ದವರ ಹೆಸರಿನಲ್ಲಿ ಮಾತ್ರ ಹಂಪಿಯಲ್ಲಿ ಯಾವ ಬೀದಿಯೂ ಇಲ್ಲ.

ಇನ್ನು ಬ್ರಿಟಿಷರ ಕಾಲ. ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗದ ಬಸವಿಯರ ಬಗ್ಗೆ 1890ರ ಆಸುಪಾಸಿನಲ್ಲಿ ಒಂದು ಪ್ರಬಂಧ ಬಂತು. ಬರೆದವನು ಫಾಸೆಟ್, ಮದರಾಸು ಪ್ರಾಂತ್ಯದ ಪೊಲೀಸ್ ಅಧಿಕಾರಿ. ಅವನು ಕೊಟ್ಟ ತಲೆಬರಹವೇ ವಿಚಿತ್ರ: ದೇವರಿಗೆ ಅರ್ಪಿತರಾಗಿ ಗಂಡಸಿನ ಹಕ್ಕು ಪಡೆಯುವ ಹೆಂಗಸರು ಎಂಬ ಅರ್ಥದ್ದು. 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ತಂದಾಗ ಬಸವಿಯರ ವಿಷಯವೂ ಅಲ್ಲಿ ಸೇರಿತು. ಗಂಡುಮಕ್ಕಳಿಲ್ಲದ ಮನೆಯವರು ಒಬ್ಬ ಮಗಳನ್ನು ದೇವರಿಗೆ ಬಿಡುತ್ತಾರೆ. ಅವಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ. ಮಗನ ಹಾಗೆ ತಂದೆತಾಯಿಯ ಕ್ರಿಯಾಕರ್ಮ ಮಾಡುತ್ತಾಳೆ, ಮಗನ ಹಾಗೆ ಆಸ್ತಿಗೆ ವಾರಸುದಾರಳಾಗುತ್ತಾಳೆ. ಇದು ಆ ಬರಹಗಳ ಸಾರ.

ನಮ್ಮ ಸೀಮೆಯ ಹೆಂಗಸನ್ನು ಹಕ್ಕು ಎಂಬ ಮಾತಿನ ಜೊತೆ ಸೇರಿಸಿ ಬರೆದ ಹಳೆಯ ಬರಹ ಇದು. ಅದಕ್ಕೇ ಇದನ್ನು ಹಗುರವಾಗಿ ಬಿಡಲಾಗುವುದಿಲ್ಲ. ಫಾಸೆಟ್ ಸುಳ್ಳು ಬರೆದ ಅಂತ ನಾವು ಹೇಳುವುದಿಲ್ಲ. ಅವನು ಕಂಡದ್ದು ನಿಜ. ಆದರೆ ಹೊಲ ಇಲ್ಲದ, ಮನೆ ಇಲ್ಲದ, ಎತ್ತು ಇಲ್ಲದ ಮಾದಿಗರ ಗುಡಿಸಲಲ್ಲಿ ಗಂಡುಮಗನ ಹಕ್ಕು ಅಂದ್ರೆ ಏನ್ರಿ? ಪಿತ್ರಾರ್ಜಿತ ಅಂತ ಅಲ್ಲಿ ಇದ್ದದ್ದು ಗೌಡನ ಹತ್ತಿರ ಮಾಡಿದ ಸಾಲ. ಮುದುಕ ಅಪ್ಪ, ಮುದುಕಿ ಅವ್ವ, ಮದುವೆಗೆ ಬಂದ ತಂಗಿಯರು. ಅವರನ್ನು ಸಾಕುವ ಹೊರೆಯೇ ಅವಳ ಪಾಲಿಗೆ ಬಂದ ಗಂಡಸಿನ ಹಕ್ಕು. ಆ ಹೊರೆಯನ್ನು ಇಳಿಸಲು ಹಗಲು ಹೊಲದಲ್ಲಿ ಕೂಲಿ ಮಾಡಬೇಕು, ರಾತ್ರಿ ಹೊಲದ ಒಡೆಯನಿಗೆ ಬಾಗಿಲು ತೆಗೆಯಬೇಕು. ಪೊಲೀಸ್ ಅಧಿಕಾರಿಗೆ ಪದ್ಧತಿ ಕಾಣಿಸಿತು, ಪದ್ಧತಿಯನ್ನು ನಡೆಸುವ ಹೊಲದ ಒಡೆತನ ಕಾಣಿಸಲಿಲ್ಲ. ಗಂಡಸಿನ ಹಕ್ಕು ಅಂತ ತಲೆಬರಹ ಕೊಟ್ಟ ಬರಹದಲ್ಲಿ ಗಂಡಸು ಲೆಕ್ಕಕ್ಕೇ ಬರಲಿಲ್ಲ.

ಮಗಳು ಮಗನಿಗೆ ಸಮ ಆಗಲು ದೇವರ ಅಪ್ಪಣೆ ಬೇಕಿಲ್ಲ ಎಂದು ಕಾನೂನು ಹೇಳಿ ಬಹಳ ವರ್ಷ ಆಯಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ. ಮನೆಗೆ ಗಂಡು ದಿಕ್ಕಿಲ್ಲ ಅಂತ ಮುತ್ತು ಕಟ್ಟಿಸುವ ಕಾರಣ ಕಾಗದದ ಮೇಲೆ ಅವತ್ತೇ ಸತ್ತಿತು. ಅಷ್ಟಾದರೂ ಪದ್ಧತಿ ಸಾಯಲಿಲ್ಲ. ಕಾರಣ ಗೊತ್ತೇ ಇದೆ: ಹಂಚಿಕೊಳ್ಳಲು ಹೊಲವೇ ಇಲ್ಲದವರಿಗೆ ಪಾಲಿನ ಕಾನೂನಿನಿಂದ ಏನು ಬರಬೇಕು?

ಈಗ ಕಾನೂನಿನ ಪುಸ್ತಕಕ್ಕೆ ಬರೋಣ. ಕಾನೂನನ್ನು ವಕೀಲರು ಮಾತ್ರ ಓದಬೇಕು ಅಂತ ಏನಿಲ್ಲ. ಅದೂ ಒಂದು ಬರಹವೇ. ಅದರಲ್ಲೂ ಯಾರನ್ನು ಕಾಣಿಸಬೇಕು, ಯಾರನ್ನು ಮರೆಮಾಚಬೇಕು ಎಂಬ ಆಯ್ಕೆ ಇರುತ್ತದೆ.

ಹೊಸಪೇಟೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು ಎಂಬುದನ್ನು ನಮ್ಮ ಹುಡುಗರು ಮರೆತಿದ್ದಾರೆ. ಮದರಾಸು ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿಯೇ ಆ ಸಮುದಾಯದಲ್ಲಿ ಹುಟ್ಟಿದವರು. ಅವರ ಪ್ರಯತ್ನದಿಂದ 1929ರಲ್ಲಿ ಒಂದು ತಿದ್ದುಪಡಿ ಬಂತು. ಗುಡಿಯ ಸೇವೆಗೆಂದು ದೇವದಾಸಿಯರಿಗೆ ಬಿಟ್ಟಿದ್ದ ಮಾನ್ಯದ ಜಮೀನು, ಸೇವೆ ನಿಂತರೂ ಅವರಿಗೇ ಉಳಿಯುವ ಹಾಗಾಯಿತು. ಒಳ್ಳೆಯ ಕೆಲಸ. ಆದರೆ ಅದು ಗುಡಿಯ ಒಳಗೆ ಕುಣಿಯುತ್ತಿದ್ದ ಹೆಂಗಸರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಗುಡಿಯ ಹೊಸ್ತಿಲೇ ದಾಟಗೊಡದ ಜಾತಿಯ ಬಸವಿಗೆ ಮಾನ್ಯದ ಹೊಲ ಎಲ್ಲಿಂದ ಬರಬೇಕು? 1947ರಲ್ಲಿ ದೇವದಾಸಿ ಬಿಡುವುದನ್ನೇ ನಿಷೇಧಿಸುವ ಮದರಾಸು ಕಾಯಿದೆ ಬಂತು. ಅದು ಹೊಸಪೇಟೆಗೂ ಅನ್ವಯಿಸಿತು. ಆಗ ಈ ಸೀಮೆಯ ನಕ್ಷೆ ನೋಡ್ರಿ. ಹೊಳೆಯ ಈ ದಂಡೆ ಮದರಾಸು. ಆ ದಂಡೆಯ ಹುಲಿಗಿ ನಿಜಾಮನದು. ಗುಡ್ಡದ ಸಂಡೂರು ಘೋರ್ಪಡೆ ರಾಜರ ಸಂಸ್ಥಾನ. ಮದರಾಸಿನ ಕಾಯಿದೆ ಹೊಳೆಯ ದಂಡೆಗೆ ಬಂದು ನಿಂತಿತು, ದೇವಿ ನಿಲ್ಲಲಿಲ್ಲ. ಈ ದಂಡೆಯಲ್ಲಿ ಅಪರಾಧ ಅನ್ನಿಸಿಕೊಂಡದ್ದು ಆ ದಂಡೆಯಲ್ಲಿ ಹರಕೆ. ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಇಡೀ ರಾಜ್ಯಕ್ಕೆ ಒಂದೇ ಕಾಯಿದೆಯನ್ನು ಶಾಸನಸಭೆ ಒಪ್ಪಿದ್ದು 1982ರಲ್ಲಿ. ಒಂದು ಹೊಳೆಯನ್ನು ದಾಟಲು ಕಾನೂನಿಗೆ ಮೂವತ್ತೈದು ವರ್ಷ ಹಿಡಿಯಿತು.

ಆ 1982ರ ಕಾಯಿದೆಯ ಶಿಕ್ಷೆಯ ಕಲಮನ್ನು ನಿಧಾನವಾಗಿ ಓದಬೇಕು. ಮುತ್ತು ಕಟ್ಟುವ ಶಾಸ್ತ್ರ ನಡೆಸಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ. ತಂದೆತಾಯಿ, ಪೋಷಕರು, ಬಂಧುಗಳಾದರೆ ಎರಡು ವರ್ಷಕ್ಕೆ ಕಡಿಮೆ ಇಲ್ಲದಂತೆ ಐದು ವರ್ಷದವರೆಗೆ ಸೆರೆ, ದಂಡ ಎರಡರಿಂದ ಐದು ಸಾವಿರ. ಅಂದರೆ ಮಂತ್ರ ಹೇಳಿದ ಪೂಜಾರಿಗಿಂತ, ಕುಮ್ಮಕ್ಕು ಕೊಟ್ಟ ಊರ ಹಿರಿಯನಿಗಿಂತ ಹೆಚ್ಚಿನ ಶಿಕ್ಷೆ ಹೆತ್ತ ತಾಯಿಗೆ. ಆ ತಾಯಿ ಎಷ್ಟೋ ಕಡೆ ತಾನೂ ದೇವದಾಸಿಯೇ. ಹತ್ತು ವರ್ಷದವಳಿದ್ದಾಗ ಅವಳಿಗೆ ಮುತ್ತು ಕಟ್ಟಿದಾಗ ಯಾವ ಕಾನೂನೂ ಬರಲಿಲ್ಲ, ಮಗಳಿಗೆ ಕಟ್ಟಿದಾಗ ಪೊಲೀಸ್ ಜೀಪು ಬಂತು. ಇನ್ನು ಮುತ್ತು ಕಟ್ಟಿದ ಮೇಲೆ ಬರುವವನು? ಅವನ ಮಾತು ಆ ಕಲಮಿನಲ್ಲಿ ಇಲ್ಲವೇ ಇಲ್ಲ. ಕೇರಿಯ ಹೆಂಗಸರನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದ ಕಾಯಿದೆ ಗಂಡಸನ್ನು ಸಾಕ್ಷಿಯಾಗಿಯೂ ಕರೆಯಲಿಲ್ಲ.

ಕಾಯಿದೆ ಆದ ಮೇಲೆ ಎಣಿಕೆ ಬಂತು. ಸರ್ಕಾರದ 1993-94ರ ಸಮೀಕ್ಷೆಯಲ್ಲಿ 22,873 ದೇವದಾಸಿಯರು. 2007-08ರ ಸಮೀಕ್ಷೆಯಲ್ಲಿ ಇನ್ನೂ 23,787. ಒಟ್ಟು 46,660. ಈ ಪಟ್ಟಿಯನ್ನು ನಾವು ಹೀಗಳೆಯುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದವಳಿಗೆ ಮಾಸಾಶನ, ಹೆಸರಿಲ್ಲದವಳಿಗೆ ತಾಲೂಕು ಕಚೇರಿಯ ಕಟ್ಟೆ. ಆದರೆ ಓದುಗರು ಒಂದು ಕೆಲಸ ಮಾಡಬೇಕು. ನಲವತ್ತಾರು ಸಾವಿರ ಹೆಂಗಸರ ಹೆಸರು, ವಯಸ್ಸು, ಜಾತಿ, ಊರು ಬರೆದುಕೊಂಡ ಆ ಕಾಗದಗಳ ಪಕ್ಕದಲ್ಲಿ ಅವರ ಮಕ್ಕಳ ತಂದೆಯರ ಪಟ್ಟಿಯನ್ನು ಹುಡುಕಬೇಕು. ಸಿಗುವುದಿಲ್ಲ. ಅಷ್ಟು ಸಾವಿರ ಹೆಂಗಸರು, ಅಷ್ಟು ಮಕ್ಕಳು. ಗಂಡಸು ಒಬ್ಬನೂ ಇಲ್ಲ!

ಸಾಹಿತ್ಯ ಏನು ಮಾಡಿತು? ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು 1969ರಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರ ಮಾಡಿದಾಗ ಕನ್ನಡನಾಡು ಅತ್ತಿತು. ಅತ್ತದ್ದು ಸುಳ್ಳಲ್ಲ. ಆದರೆ ಆ ಹುಡುಗಿಯ ಕಷ್ಟ ಮಾನದ ಕಷ್ಟ, ಮರ್ಯಾದಸ್ಥರ ಮನೆಗೆ ಸೊಸೆಯಾಗಿ ಹೋಗಲಾಗದ ಕಷ್ಟ. ಕೂಲಿಯ ಕಷ್ಟ, ಹೊಲೆಗೇರಿಯ ಕಷ್ಟ ಅಲ್ಲಿಲ್ಲ. ಮಧ್ಯಮವರ್ಗ ಕಣ್ಣೀರು ಹಾಕಲು ಅವಳು ಸಾಯಲೇಬೇಕಾಯಿತು. ನಮ್ಮ ಬಸವಿ ಸಾಯುವುದಿಲ್ಲ. ಬೆಳಗಾದರೆ ಕಬ್ಬಿನ ಹೊಲಕ್ಕೆ ಕಳೆ ಕೀಳಲು ಹೋಗುತ್ತಾಳೆ. ಹಾಗೆ ಬದುಕಿರುವ ಹೆಂಗಸನ್ನು ಬರೆಯುವುದು ಕಷ್ಟ. ಮುಂದೆ ಬಂದ ದಲಿತ ಆತ್ಮಕಥೆಗಳು ಕನ್ನಡದ ಕಣ್ಣು ತೆರೆಸಿದವು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದದ ಕಾರ್ಯಕರ್ತ ಇರಲಾರ. ಅವು ಓದು ಕಲಿತು ಕೇರಿಯಿಂದ ಹೊರಬಂದ ಗಂಡುಮಕ್ಕಳ ಪುಸ್ತಕಗಳು. ಓದು ಕಲಿಯದೆ ಕೇರಿಯಲ್ಲೇ ಉಳಿದ ತಾಯಿ ಬರೆದ ಪುಸ್ತಕಕ್ಕೆ ಆ ಸಾಲಿನಲ್ಲಿ ಇನ್ನೂ ಜಾಗ ಖಾಲಿ ಇದೆ.

ಇಷ್ಟು ಹೇಳಿದರೆ ಒಂದು ಆಕ್ಷೇಪ ಬಂದೇ ಬರುತ್ತದೆ. ಇದು ಜನರ ನಂಬಿಕೆ, ಇದನ್ನು ಕೆದಕಬೇಡಿ ಎಂಬ ಮಾತು. ಈ ಮಾತಿನ ಬೆಲೆ ಏನು ಎಂದು ದಲಿತ ಚಳವಳಿಗೆ ಚೆನ್ನಾಗಿ ಗೊತ್ತು. 1986ರ ಮಾರ್ಚಿನಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಬೇಡ ಅಂತ ತಿಳಿಹೇಳಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೇ ಗುಂಪು ಹಿಡಿದು ಬಡಿಯಿತು, ಬಟ್ಟೆ ಕಿತ್ತು ಬೆತ್ತಲೆ ಮಾಡಿತು. ಪೊಲೀಸರನ್ನೂ ಬಿಡಲಿಲ್ಲ. ನಂಬಿಕೆಯ ಹೆಸರಿನಲ್ಲಿ ಬೆತ್ತಲಾಗುವುದು ಮಾತ್ರ ಯಾವಾಗಲೂ ಬಡವರ ಮೈ.

ಬಾಬಾಸಾಹೇಬರು ಇದನ್ನು ಎಷ್ಟೋ ಮೊದಲೇ ಕಂಡಿದ್ದರು. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರ ಅಧ್ಯಕ್ಷ ಭಾಷಣವನ್ನು ಓದಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಶಾಸ್ತ್ರಗಳು ಪವಿತ್ರ ಎಂಬ ನಂಬಿಕೆ ಹೋಗದೆ ಜಾತಿ ಹೋಗುವುದಿಲ್ಲ ಎಂಬುದು ಅದರ ತಿರುಳು. ಅದೇ ವರ್ಷದ ಜೂನ್‌ನಲ್ಲಿ ಮುಂಬಯಿಯಲ್ಲಿ ಮುರಳಿ, ಜೋಗತಿ, ದೇವದಾಸಿಯರ ಸಭೆ ಸೇರಿತು. ಬಾಬಾಸಾಹೇಬರು ಅವರ ಎದುರಿಗೇ ನಿಂತು ಈ ಬಾಳನ್ನು ಬಿಡಿ ಎಂದು ಹೇಳಿದರು. ಮೊದಲನೆಯದನ್ನು ನಮ್ಮ ಹುಡುಗರು ಬಾಯಿಪಾಠ ಮಾಡುತ್ತಾರೆ, ಎರಡನೆಯದರ ಸುದ್ದಿಯೇ ಅವರಿಗೆ ಗೊತ್ತಿರುವುದಿಲ್ಲ. ಎರಡನ್ನೂ ಸೇರಿಸಿ ಓದಬೇಕು. ಜಾತಿ ನಿಂತಿರುವುದು ಶಾಸ್ತ್ರದ ಮೇಲೆ, ಆ ಶಾಸ್ತ್ರವನ್ನು ಹೊತ್ತು ತಿರುಗುತ್ತಿರುವುದು ನಮ್ಮದೇ ಹೆಣ್ಣುಮಕ್ಕಳ ಕೊರಳು.

ಇತ್ತೀಚೆಗೆ ಇನ್ನೊಂದು ಬಗೆಯ ಪುಸ್ತಕ ಬಂದಿದೆ. ಲೂಸಿಂಡಾ ರಾಂಬರ್ಗ್ ಎಂಬ ವಿದ್ವಾಂಸೆ ಉತ್ತರ ಕರ್ನಾಟಕದ ಎಲ್ಲಮ್ಮನ ಜೋಗತಿಯರ ನಡುವೆ ಇದ್ದು ಬರೆದು 2014ರಲ್ಲಿ ಪ್ರಕಟಿಸಿದ ಪುಸ್ತಕ. ಆಕೆ ಹೇಳುವುದು ಇಷ್ಟು: ಈ ಹೆಂಗಸರು ದೇವಿಯನ್ನೇ ಮದುವೆಯಾದೆವು ಎನ್ನುತ್ತಾರೆ, ಅವರ ಆ ಮಾತನ್ನು ನಿಜವೆಂದೇ ತೆಗೆದುಕೊಳ್ಳಬೇಕು; ಸುಧಾರಣೆಯ ಹೆಸರಿನಲ್ಲಿ ಅವರ ಜಡೆ ಕತ್ತರಿಸುವುದೂ ಒಂದು ಹಿಂಸೆ. ಇದನ್ನು ನಾವು ಸುಮ್ಮನೆ ತಳ್ಳಿಹಾಕುವುದಿಲ್ಲ. ಕತ್ತರಿ ಹಿಡಿದು ಬಂದವರು ಅವಳನ್ನು ಒಂದು ಮಾತು ಕೇಳಲಿಲ್ಲ ಎಂಬುದು ನಿಜ. ಚೌಡಿಕೆ ಹಿಡಿದು ಹಾಡುವಾಗ ಅವಳಿಗೆ ಒಂದು ಗೌರವ ಸಿಗುತ್ತದೆ ಎಂಬುದೂ ನಿಜ. ಆದರೆ ಆರೇಳು ವರ್ಷದ ಕೂಸು ಯಾರನ್ನೂ ಮದುವೆಯಾಗುವುದಿಲ್ಲ, ದೇವಿಯನ್ನೂ ಕೂಡ. ಆ ಮದುವೆಗೆ ದೇವಿ ಮೇಲ್ಜಾತಿಯ, ಹೊಲಮನೆ ಇದ್ದವರ ಮಗಳನ್ನು ಯಾಕೆ ಕೇಳುವುದಿಲ್ಲ? ದೇವಿ ಬರೀ ಕೇರಿಯ ಬಾಗಿಲನ್ನೇ ಯಾಕೆ ತಟ್ಟುತ್ತಾಳೆ? ಈ ಪ್ರಶ್ನೆಯನ್ನು ಪಂಡಿತರ ಪುಸ್ತಕದ ಮುಂದೆ ಇಟ್ಟು ನಾವು ಉತ್ತರಕ್ಕೆ ಕಾಯುತ್ತೇವೆ.

ಇವೆಲ್ಲವುಗಳ ನಡುವೆ ಎದ್ದು ನಿಲ್ಲುವುದು ನಮ್ಮದೇ ಸೀಮೆಯ ಒಂದು ಕನ್ನಡ ಪುಸ್ತಕ, ‘ನಡುವೆ ಸುಳಿವ ಹೆಣ್ಣು’. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಹೇಳಿದ್ದು, ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡದ್ದು. ಮಂಜುನಾಥ ಶೆಟ್ಟಿ ಆಗಿ ಹುಟ್ಟಿ, ಒಳಗೆ ಹೆಣ್ಣು ಎಂದು ಕಂಡುಕೊಂಡ ಮಗುವನ್ನು ಮನೆಯವರು ಕರೆದುಕೊಂಡು ಹೋದದ್ದು ಅದೇ ಹುಲಿಗಿಗೆ. ಅಲ್ಲಿ ಮುತ್ತು ಕಟ್ಟಿದರು. ಆಮೇಲೆ ಮನೆ ಹೊರಗೆ ಹಾಕಿತು. ವಿಷ ಕುಡಿದದ್ದು, ಭಿಕ್ಷೆ ಬೇಡಿದ್ದು, ಇಡ್ಲಿ ಮಾರಿದ್ದು, ಕಾಳವ್ವ ಜೋಗತಿಯ ಹತ್ತಿರ ಕಲೆ ಕಲಿತದ್ದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರಲ್ಲಿ ಪದ್ಮಶ್ರೀ. ಪ್ರಶಸ್ತಿಗಾಗಿ ನಾವು ಇದನ್ನು ಮೆಚ್ಚುವುದಲ್ಲ. ಇಲ್ಲಿ ಮೊದಲ ಸಲ ಮುತ್ತು ಕಟ್ಟಿಸಿಕೊಂಡವರೇ ಬಾಯಿ ತೆರೆದಿದ್ದಾರೆ. ತನ್ನ ಮೈಮೇಲೆ ನಡೆದ ಅತ್ಯಾಚಾರವನ್ನು ಬಚ್ಚಿಟ್ಟಿಲ್ಲ. ಫಾಸೆಟ್‌ನಿಂದ ಹಿಡಿದು ಶಾಸನಸಭೆಯವರೆಗೆ ಯಾರಿಗೂ ಕಾಣದ ಗಂಡಸು ಅವರ ಬಾಯಿಗೆ ಬಂದಿದ್ದಾನೆ. ದೇವಿ ತನಗೆ ಆಸರೆಯೂ ಆದಳು, ಅದೇ ಹೊತ್ತಿಗೆ ತನ್ನನ್ನು ಮನೆಯಿಂದ ಬೇರೆ ಮಾಡಿದ ದಾರವೂ ಅವಳದೇ. ಈ ಎರಡೂ ಒಂದೇ ಬಾಳಿನಲ್ಲಿವೆ. ನಂಬಿಕೆಯ ಬಗ್ಗೆ ದಪ್ಪ ಪುಸ್ತಕ ಬರೆಯುವವರು ಈ ಇಕ್ಕಟ್ಟನ್ನು ಮೊದಲು ಓದಲಿ. ಒಂದು ಮಾತು ಮಾತ್ರ ನೆನಪಿರಲಿ. ಜೋಗತಿಯಾದ ಮಂಜಮ್ಮನ ದಾರಿಯೇ ಬೇರೆ, ಕೂಲಿಕಾರ ಬಸವಿಯ ದಾರಿಯೇ ಬೇರೆ. ಒಬ್ಬರ ಪುಸ್ತಕ ಎಲ್ಲರ ಪುಸ್ತಕ ಅಂತ ಬಾಗಿಲು ಹಾಕಿಕೊಳ್ಳಬಾರದು.

ಕೊನೆಗೆ ಹೊಸ ಕಾಯಿದೆಯ ಮಾತು. ದೇವದಾಸಿ ತಾಯಂದಿರೂ ಅವರ ಮಕ್ಕಳೂ ವರ್ಷಗಟ್ಟಲೆ ಕೇಳಿಕೊಂಡ ಮೇಲೆ 2025ರ ಆಗಸ್ಟ್‌ನಲ್ಲಿ ಕರ್ನಾಟಕ ಶಾಸನಸಭೆ ಹೊಸ ದೇವದಾಸಿ ವಿಧೇಯಕವನ್ನು ಒಪ್ಪಿತು. ಮಗು ತನ್ನ ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕು ಅದರಲ್ಲಿದೆ. ತಂದೆ ಒಪ್ಪದಿದ್ದರೆ ನ್ಯಾಯಾಲಯದ ಬಾಗಿಲು ಇದೆ, ಡಿಎನ್‌ಎ ಪರೀಕ್ಷೆ ಇದೆ. ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಬಲವಂತವೂ ಇಲ್ಲ. ಇಷ್ಟು ಕಾಲ ಮರೆಯಲ್ಲಿದ್ದ ಗಂಡಸನ್ನು ಕಾನೂನಿನ ಪುಸ್ತಕ ಹೆಸರು ಹಿಡಿದು ಕರೆಯಲು ತೊಡಗಿದೆ. ಇದು ಕೇರಿ ಗೆದ್ದುಕೊಂಡದ್ದು, ಯಾರೂ ದಾನ ಕೊಟ್ಟದ್ದಲ್ಲ.

ಆದರೆ ಕರೆದರೆ ಅವನು ಬರುತ್ತಾನೆಯೇ? ಯಾರ ಹೊಲದಲ್ಲಿ ತಾಯಿ ಇವತ್ತೂ ಕೂಲಿಗೆ ಹೋಗುತ್ತಾಳೋ, ಯಾರ ಮನೆ ಮುಂದೆ ಸಾಲಕ್ಕೆ ಕೈಕಟ್ಟಿ ನಿಲ್ಲುತ್ತಾಳೋ ಅವನ ಮೇಲೆಯೇ ಮಗ ಅರ್ಜಿ ಕೊಡಬೇಕು. ಅರ್ಜಿ ಕೊಟ್ಟ ಮರುದಿನ ಕೂಲಿ ನಿಲ್ಲುತ್ತದೆ. ಅವತ್ತು ಅವರ ಒಲೆ ಉರಿಸುವವರು ಯಾರು? ಹೊಲದ ಪ್ರಶ್ನೆಯನ್ನು ಬಿಟ್ಟು ತಂದೆಯ ಪ್ರಶ್ನೆಗೆ ಉತ್ತರ ಸಿಗದು. ಹಕ್ಕಿನ ಪುಸ್ತಕಗಳನ್ನು ಬರೆಯುವವರು ಇಲ್ಲಿಂದ ಮುಂದಕ್ಕೆ ಬರೆಯಬೇಕು.

ಗೆಳೆಯರೇ, ಅದಕ್ಕೆ ಮೊದಲು ನಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ಹಳ್ಳಿಯ ಮೇಷ್ಟ್ರುಗಳೇ, ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸಲು ಮಗುವನ್ನು ಕರೆದುಕೊಂಡು ಬರುವ ತಾಯಿಯನ್ನು ಎಲ್ಲರ ಎದುರಿಗೆ ಅಪ್ಪ ಯಾರಮ್ಮ ಅಂತ ಕೇಳಬೇಡಿ. ಅವ್ವನ ಹೆಸರು ಬರೆದುಕೊಳ್ಳಿ. ತಾತನ ಹೆಸರನ್ನೋ ಸೋದರಮಾವನ ಹೆಸರನ್ನೋ ಅಪ್ಪನ ಜಾಗದಲ್ಲಿ ತುಂಬಿಸಿ ಅವಳನ್ನು ಸುಳ್ಳುಗಾರ್ತಿ ಮಾಡಬೇಡಿ. ವಿದ್ಯಾರ್ಥಿಗಳೇ, ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯ ಹಿರಿಯ ಹೆಂಗಸಿನ ಪಕ್ಕ ಕೂತು ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದುಕೊಳ್ಳಿ. ಅವಳು ಒಪ್ಪಿದರೆ ಮಾತ್ರ ಅಚ್ಚಿಗೆ ಕೊಡಿ, ಒಪ್ಪದಿದ್ದರೆ ಅವಳ ಕೈಗೇ ಕೊಟ್ಟು ಬನ್ನಿ. ಕಾರ್ಯಕರ್ತರೇ, ಅರ್ಜಿ ಕೊಡುವ ಮಗುವಿನ ಜೊತೆ ತಾಲೂಕು ಕಚೇರಿಗೆ ಹೋಗಿ, ಮರುದಿನ ಕೂಲಿ ನಿಂತ ಮನೆಗೂ ಹೋಗಿ.